ಗೌರಿ ಹೂವಿನ ಗುಟ್ಟು

ಮಕ್ಕಳೇ, ಪಾರ್ವತಿನಗರದ ನಮ್ಮ ಮನೆಯ ಕುಂಡದಲ್ಲಿ ಗೌರಿ ಹೂ ಅರಳಿದೆ. ಮಲೆನಾಡಿನ ಗುಡ್ಡ, ಬೇಲಿಗಳಲ್ಲಿ ತಾನಾಗಿ ಬೆಳೆಯುವ ಬಳ್ಳಿ ಇದು. ಅಲ್ಲಿ ಗೌರಿ ಹಬ್ಬದ ಪೂಜೆಗೆ ಇಡುತ್ತಾರೆ. ಮೇ ತಿಂಗಳಲ್ಲಿ ಗಡ್ಡೆ ನೆಟ್ಟಿದ್ದೆ. ಎಲೆಯ ತುದಿಯೇ ಸುರುಳಿಯಾಗಿ ಕೋಲು ಹಿಡಿದು ಏರಿತು. ಹಳದಿ ಎಸಳುಗಳು ದಿನ ಕಳೆದಂತೆ ಬೆಂಕಿಯಂತೆ ಕೆಂಪಾದವು. ಅದಕ್ಕೇ ಇದಕ್ಕೆ ಅಗ್ನಿಶಿಖೆ ಎಂದೂ ಹೆಸರು.

“ಅಜ್ಜಾ, ಇದರ ಗಡ್ಡಿ ಮನ್ಯಾಗಿದ್ರ ಹಾವು ಬರೋದಿಲ್ಲಂತೆ, ಹೌದಾ?” ಎಂದಳು ಮೊಮ್ಮಗಳು.

“ಹಿರಿಯರು ಹಾಗೆ ನಂಬಿದ್ದರು. ಹಾವಿಗೆ ಅದು ಗೊತ್ತಿಲ್ಲ, ಪುಟ್ಟಿ! ಆದರೆ ಗೆಣಸೆಂದು ತಿಂದರೆ ಪ್ರಾಣವೇ ಹೋದೀತು. ಇಡೀ ಗಿಡದಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ಅದನ್ನೇ ವೈದ್ಯರು ತೀರಾ ಸ್ವಲ್ಪ ಅಳೆದು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಮದ್ದು.”

ಅವಳು ಒಳಗೋಡಿ ಚೀಟಿ ಬರೆದು ತಂದು ಕುಂಡಕ್ಕೆ ಅಂಟಿಸಿದಳು: ‘ನೋಡಿ, ಮುಟ್ಟಬೇಡಿ.’