ಅಬ್ಬಾನ ಅಂಬಾಸಿಡರ್: ಎಂಜಿನ್ ಕೀಳುವ ಮುನ್ನ



ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಅಂಬಾಸಿಡರ್. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಡಲೆಕಾಯಿ, ಹುಣಸೆಹಣ್ಣಿನ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡಾಗ ಮನೆಯ ಯಜಮಾನರು ಕೊಂಡ ಕಾರು. ಮದುವೆಗೂ ಹೆರಿಗೆಗೂ ಓಡಿದ ಕಾರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. “ಹಳೇ ಎಂಜಿನ್ ಕಿತ್ತು ಗುಜರಿಗೆ ಹಾಕಿ ಡೀಸೆಲ್ ಎಂಜಿನ್ ಕೂರಿಸೋಣ, ದಿನಾ ಓಡಿಸಬಹುದು” ಎನ್ನುತ್ತಾನೆ ದೊಡ್ಡ ಮಗ. “ಅಬ್ಬಾ ಇಟ್ಟಿದ್ದ ಹಾಗೆಯೇ ಇರಲಿ, ಅದೇ ಎಂಜಿನ್ ಸರಿ ಮಾಡಿಸೋಣ” ಎನ್ನುತ್ತಾನೆ ಚಿಕ್ಕವನು. ತಾಯಿಯನ್ನೂ ಮಗಳನ್ನೂ ಯಾರೂ ಕೇಳುವುದಿಲ್ಲ. ಗಾಡಿಯ ವಿಷಯ ಹೆಂಗಸರಿಗೇನು ಗೊತ್ತು?

ಗೊತ್ತಿರಬೇಕು. ಏಕೆಂದರೆ ಆ ಕಾರಿನಲ್ಲಿ ಅವರ ಪಾಲೂ ಇದೆ.

ಅಬ್ಬಾನ ತಂದೆ-ತಾಯಿ ಮೊದಲೇ ತೀರಿಕೊಂಡಿದ್ದಾರೆ, ಸಾಲ, ವಸಿಯ್ಯತ್ ಏನೂ ಬಾಕಿ ಇಲ್ಲ ಎಂದುಕೊಳ್ಳಿ. ಕಾರಿಗೆ 80,000 ರೂಪಾಯಿ ಬೆಲೆ ಬಂದರೆ ಎಂಟನೇ ಒಂದು ಪಾಲು, ಅಂದರೆ 10,000 ತಾಯಿಗೆ. ಉಳಿದದ್ದರಲ್ಲಿ ಇಬ್ಬರು ಗಂಡುಮಕ್ಕಳಿಗೆ ತಲಾ 28,000, ಮಗಳಿಗೆ 14,000. ಹೊಲ, ಮನೆಯ ಪಾಲಿನ ಬಗ್ಗೆ ಮಾತನಾಡುವವರು ಕಾರನ್ನು ಮರೆಯುತ್ತಾರೆ. ಎಂಜಿನ್ ಕಿತ್ತು ತೂಕಕ್ಕೆ ಮಾರಿದರೆ ಎಲ್ಲರ ಪಾಲಿನ ಬೆಲೆಯೂ ಇಳಿಯುತ್ತದೆ. ಆದ್ದರಿಂದ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ. ಕಾರು ಈಗಿರುವ ಸ್ಥಿತಿಯಲ್ಲೇ ಬೆಲೆ ಕಟ್ಟಿಸಿ ಎಲ್ಲರ ಒಪ್ಪಿಗೆ ಪಡೆಯುವುದು.

ಕಾಗದಪತ್ರವೂ ಅಷ್ಟೇ ಮುಖ್ಯ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ವಾರಸುದಾರರ ಹೆಸರಿಗೆ ಬದಲಾವಣೆ ಕೋರಿ ಅರ್ಜಿ ಹಾಕಬೇಕು. ಸತ್ತವರ ಹೆಸರಿನಲ್ಲಿರುವ ಆರ್‌ಸಿ ಇಟ್ಟುಕೊಂಡು ಎಂಜಿನ್ ಬದಲಿಸ ಹೊರಟರೆ ಮುಂದೆ ತೊಡಕು ತಪ್ಪಿದ್ದಲ್ಲ.

ಇನ್ನು ಎಂಜಿನ್ ವಿಷಯ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿ ಅಂಬಾಸಿಡರನ್ನು ತಯಾರಿಸಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಿ ನಿಂತದ್ದು 2014ರಲ್ಲಿ. 1960 ಮತ್ತು 70ರ ದಶಕದ ಕಾರುಗಳಲ್ಲಿದ್ದುದು 1489 ಸಿಸಿಯ ಪೆಟ್ರೋಲ್ ಎಂಜಿನ್. ಪೆಟ್ರೋಲ್ ದುಬಾರಿಯಾದಂತೆ ಬಹಳಷ್ಟು ಜನ ಅದನ್ನು ತೆಗೆಸಿ ಡೀಸೆಲ್ ಎಂಜಿನ್ ಹಾಕಿಸಿದರು. ಆಗ ಅದು ಹೊಟ್ಟೆಪಾಡಿನ ಲೆಕ್ಕಾಚಾರ, ತಪ್ಪೆನ್ನಲಾಗದು. ಆದರೆ ಇಂದು ಲೆಕ್ಕ ಬದಲಾಗಿದೆ.

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ 10 ವರ್ಷಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ನವೀಕರಣಕ್ಕೆ 5,000. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಗುವ ಮೊದಲಿನ ನಂಬರ್ ಪ್ಲೇಟ್ ಇದ್ದರಂತೂ ಅದೇ ಒಂದು ಚರಿತ್ರೆ. ಆದರೆ ಇಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕೂ ಬಾಡಿಗೆಗೂ ಅವಕಾಶವಿಲ್ಲ. ಆಗಾಗ ಓಡಿಸಬೇಕೆಂದಿದ್ದರೆ ಮಾಮೂಲಿ ಆರ್‌ಸಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗಬೇಕು.

ಎಂಜಿನ್ ಬದಲಿಸುವವರಿಗೆ ಕಾನೂನು ಅಷ್ಟು ಉದಾರವಾಗಿಲ್ಲ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬರೆದಿರುತ್ತದೆ. ಕಂಪೆನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. “ಆಮೇಲೆ ನೋಡಿಕೊಳ್ಳೋಣ” ಎನ್ನುವ ಮೆಕ್ಯಾನಿಕ್ಕಿನ ಮಾತು ನಂಬಬೇಡಿ. ಆರ್‌ಟಿಓದಿಂದ ಮೊದಲೇ ಲಿಖಿತ ಅನುಮತಿ ಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕಂಪೆನಿ ತಕರಾರು ತೆಗೆಯಬಹುದು. ಬಿಲ್ಲಿಲ್ಲದೆ ಗುಜರಿಯಿಂದ ತಂದ ಎಂಜಿನ್ ಕದ್ದ ವಾಹನದ್ದಾಗಿದ್ದರೆ ಪೊಲೀಸರು ಮನೆ ಬಾಗಿಲಿಗೆ ಬಂದಾರು.

ಖರ್ಚೂ ಎಂಜಿನ್ನಿಗೇ ಮುಗಿಯುವುದಿಲ್ಲ. ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್, ಸೈಲೆನ್ಸರ್ ಒಂದೊಂದಾಗಿ ಬದಲಾಗುತ್ತವೆ. ಡೀಸೆಲ್ ಎಂಜಿನ್ನಿನ ಭಾರ ಹೆಚ್ಚು. ಮುಂಭಾಗದ ಸಸ್ಪೆನ್ಷನ್ನೂ ಹಳೆಯ ಬ್ರೇಕೂ ಅದನ್ನು ತಾಳಬೇಕು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಓಟಕ್ಕಿಂತ ನಿಲ್ಲುವುದು ಮುಖ್ಯ.

ಹಾಗಾದರೆ ಹಳೆಯ ಎಂಜಿನ್ ಸರಿಯಾದೀತೇ? ಬಹುಮಟ್ಟಿಗೆ ಆಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಗ್ಯಾಸ್ಕೆಟ್ ಹೋಗಿ ನೀರು ಒಳಸೇರುತ್ತಿರಬಹುದು. ಇವೆರಡೂ ಲೇತ್ ಅಂಗಡಿಯಲ್ಲಿ ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್-ರಿಂಗು, ಬೇರಿಂಗ್, ಗ್ಯಾಸ್ಕೆಟ್ ಹಾಕಿಸಿ ಸರಿಪಡಿಸುವಂಥ ಕೆಲಸ. ಸಾಮಾನು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಲ್ಲಿ ವಿಚಾರಿಸಿ.

ಆಗ ಮೂರು ಮಾತು ಮೆಕ್ಯಾನಿಕ್ಕಿಗೆ ಹೇಳಿ. ಒಂದು, ಆ ಎಂಜಿನ್ ಸೀಸ ಬೆರೆತ ಪೆಟ್ರೋಲಿಗಾಗಿ ಮಾಡಿದ್ದು. ದೇಶದಲ್ಲಿ 2000ದಲ್ಲಿ ಅದು ನಿಂತುಹೋಯಿತು. ಆದ್ದರಿಂದ ಗಟ್ಟಿ ಲೋಹದ ವಾಲ್ವ್ ಸೀಟು ಹಾಕಿಸಿ. ಎರಡು, ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ, ನೀರನ್ನೂ ಹೀರುತ್ತದೆ. ಪೈಪು, ಕಾರ್ಬುರೇಟರ್ ವಾಷರುಗಳನ್ನು ಬದಲಿಸಿ, ನಿಂತ ಕಾರಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡಬೇಡಿ. ಮೂರು, ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿಯಬೇಡಿ. ನಮ್ಮ ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಪಾವಗಡದ ಬಿಸಿಲಿಗೆ ಬಾನೆಟ್ಟಿನಿಂದ ಹಬೆ ಏಳಲು ಅಷ್ಟು ಸಾಕು.

ನನ್ನ ಅಭಿಪ್ರಾಯ ಕೇಳಿದರೆ ಇಷ್ಟೇ: ಕಾರಿಗೆ 50 ದಾಟಿ, ಮೂಲ ಎಂಜಿನ್ ಇನ್ನೂ ಅದರಲ್ಲೇ ಇದ್ದರೆ ಅದನ್ನೇ ಸರಿಪಡಿಸಿ. ದಿನದ ಓಡಾಟಕ್ಕೆ ಗಾಡಿ ಬೇಕಿದ್ದರೆ ಎಂಜಿನ್ ಬದಲಿಗೆ ಸುರಿಯುವ ಹಣದಲ್ಲಿ ಸೆಕೆಂಡ್‌ಹ್ಯಾಂಡ್ ಸಣ್ಣ ಕಾರು ನೋಡಿ. ಹಿಂದೆಯೇ ಎಂಜಿನ್ ಬದಲಾಗಿ ಆರ್‌ಸಿಯಲ್ಲಿ ನಮೂದಾಗಿದ್ದರೆ, ‘ಒರಿಜಿನಲ್’ ಎಂಬ ಹಟಕ್ಕೆ ಸಾಲ ಮಾಡಬೇಡಿ, ಇರುವುದನ್ನು ಚೆನ್ನಾಗಿಟ್ಟುಕೊಳ್ಳಿ. ಮೂಲ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟು ಅನುಮತಿ ಪಡೆದು ಬದಲಿಸಲೇಬೇಕಾದರೂ ಹಳೆಯದನ್ನು ಗುಜರಿಗೆ ಹಾಕದೆ, ನಂಬರ್ ಅಳಿಯದಂತೆ ಗ್ರೀಸ್ ಸವರಿ ಮನೆಯಲ್ಲೇ ಇಡಿ.

ಮಗ ಓಡಿಸಲಿ, ಸಂತೋಷ. ಆದರೆ ತಾಯಿ, ಸಹೋದರಿಯರ ಪಾಲನ್ನು ಕೊಟ್ಟು, ಇಲ್ಲವೇ ಅವರ ಮನಸಾರೆ ಒಪ್ಪಿಗೆ ಪಡೆದು ಓಡಿಸಲಿ. ಆ ಪಾಲು ಎಷ್ಟೆಂದು ಕೇಳಲು ನೀವೂ ಹಿಂಜರಿಯಬೇಡಿ.