ಒತ್ತಕ್ಷರದ ಕಾಲು ಕತ್ತರಿಸುವ ಕೋಡು

ಅಕ್ಕಿ ಅಂತ ಬರೆದದ್ದು ಫೋನಿನಲ್ಲಿ ‘ಅಕಿ’ ಅಂತ ಕಂಡರೆ ಧಾರವಾಡದ ಕಡೆಯವರು ‘ಯಾವಾಕಿ?’ ಅಂತ ಕೇಳಿಯಾರು. ಕತ್ತೆಯ ಒತ್ತು ಹೋದರೆ ಕತೆ. ನಗು ಬರುತ್ತದೆ, ನಿಜ. ಆದರೆ ಪಡಿತರದ್ದೋ ಬೆಳೆ ವಿಮೆಯದ್ದೋ ಅರ್ಜಿ ತುಂಬುವಾಗ ಹೀಗಾದರೆ ನಾವು ನಮ್ಮ ಕಣ್ಣನ್ನು ಬೈದುಕೊಳ್ಳುತ್ತೇವೆ, ಇಲ್ಲವೇ ಅಗ್ಗದ ಫೋನನ್ನು. ತಪ್ಪು ಎಷ್ಟೋ ಸಲ ಪುಟ ಕಟ್ಟಿದವರದ್ದು.

ವೆಬ್ ಪುಟದಲ್ಲಿ ಅಕ್ಷರ ಎಷ್ಟು ದೊಡ್ಡದು, ಸಾಲಿಗೂ ಸಾಲಿಗೂ ಎಷ್ಟು ಜಾಗ ಎಂದು ಹೇಳುವ ಭಾಷೆ ಸಿಎಸ್‌ಎಸ್. ಈಗ ಎಷ್ಟೋ ಕಡೆ ಅದನ್ನು ನೇರವಾಗಿ ಬರೆಯುವುದಿಲ್ಲ. 2017ರಲ್ಲಿ ಆಡಂ ವಾಥನ್ ಮತ್ತು ಗೆಳೆಯರು ಹೊರತಂದ ಟೇಲ್‌ವಿಂಡ್ ಬಳಸುತ್ತಾರೆ. ಅದರಲ್ಲಿ ಒಂದೊಂದು ಗುಣಕ್ಕೆ ಒಂದೊಂದು ಚಿಕ್ಕ ಹೆಸರು. ಬಟನ್ ಬೇಕಾದಲ್ಲಿ ಹತ್ತು ಹದಿನೈದು ಹೆಸರು ಪೋಣಿಸಿದರೆ ಆಯಿತು. ಇವಕ್ಕೆ ಯುಟಿಲಿಟಿ ಕ್ಲಾಸ್ ಅಂತಾರೆ. ನಾವು ಇದರ ವಿರೋಧಿಗಳಲ್ಲ. ಹಳೆ ಪದ್ಧತಿಯಲ್ಲಿ ಇಲ್ಲಿ ತಿದ್ದಿದರೆ ಇನ್ನೆಲ್ಲೋ ಕೆಡುತ್ತಿತ್ತು. ಹೆದರಿ ಯಾರೂ ಏನನ್ನೂ ಅಳಿಸದೆ ಫೈಲು ಊದಿಕೊಳ್ಳುತ್ತಿತ್ತು. ಟೇಲ್‌ವಿಂಡ್ ಬಳಸಿದ ಹೆಸರುಗಳಿಗಷ್ಟೇ ಸಿಎಸ್‌ಎಸ್ ತಯಾರಿಸುತ್ತದೆ. ಡೇಟಾ ಲೆಕ್ಕ ಹಾಕಿ ಬಳಸುವ ನಮಗೆ ಅದು ಲಾಭವೇ.

ನಮ್ಮ ಜಗಳ ನಕಲು ಹೊಡೆಯುವವರ ಜೊತೆ. ಆ ಹೆಸರಿನ ಸರವನ್ನು ಒಂದು ಪುಟದಿಂದ ನೂರು ಪುಟಕ್ಕೆ ಅಂಟಿಸುತ್ತಾರಲ್ಲ, ಅವರ ಜೊತೆ. ಒಂದು ದೊಡ್ಡ ತಲೆಬರಹದ ಅಳತೆ ನೋಡಿ: ‘ಟೆಕ್ಸ್ಟ್-5ಎಕ್ಸ್‌ಎಲ್’. ಅಕ್ಷರ 48 ಪಿಕ್ಸೆಲ್, ಜೊತೆಗೆ ಬರುವ ಸಾಲಿನ ಎತ್ತರವೂ 48 ಪಿಕ್ಸೆಲ್. ಇಂಗ್ಲಿಷಿಗೆ ಅಷ್ಟು ಸಾಕು. ‘ರಾಷ್ಟ್ರೀಯ’ ಅಂತ ಕೆಳಕ್ಕೆ ಇಳಿಯುವ ಕನ್ನಡಕ್ಕೆ ಸಾಲದು; ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಉದ್ದದ ಸಾಲಿಗೆ ಮೂರು ಚುಕ್ಕಿ ಹಾಕಿ ಮೊಟಕು ಮಾಡುವ ‘ಟ್ರಂಕೇಟ್’ ಕೂಡ ಸೇರಿತೋ, ಪೆಟ್ಟಿಗೆಯಿಂದ ಹೊರಗಿಳಿದ ಒತ್ತು ಕತ್ತರಿಸಿಯೇ ಹೋಗುತ್ತದೆ. ಇದನ್ನು ತಿದ್ದಿ ಅಂದರೆ, ‘ನೂರು ಕಡೆ ಇದೆ, ಮುಂದಿನ ಸಲ ನೋಡೋಣ’. ಕನ್ನಡದ ಕೆಲಸಕ್ಕೆ ಆ ಮುಂದಿನ ಸಲ ಬಂದದ್ದು ಅಪರೂಪ.

ಪರಿಹಾರ ಅವರಿಗೂ ಗೊತ್ತು. ಬಟನ್, ತಲೆಬರಹ, ಅರ್ಜಿಯ ಖಾನೆ, ಇವನ್ನು ಒಂದೇ ಸಲ ಕಾಂಪೊನೆಂಟ್ ಆಗಿ ಬರೆದು, ಹೆಸರಿನ ಸರವನ್ನು ಅದರೊಳಗೇ ಇಡುವುದು. ಪುಟಗಳು ಕಾಂಪೊನೆಂಟನ್ನು ಕರೆದರೆ ಸಾಕು. ಸರವನ್ನೆಲ್ಲ ‘ಅಪ್ಲೈ’ ಆಜ್ಞೆಯಿಂದ ಒಂದು ಹೊಸ ಹೆಸರಿಗೆ ಕಟ್ಟಿಬಿಡೋಣ ಅನ್ನುವವರೂ ಇದ್ದಾರೆ. ಅದು ಸುತ್ತಿ ಬಳಸಿ ಹಳೆ ಸಿಎಸ್‌ಎಸ್‌ಗೇ ವಾಪಸ್ ಹೋಗುವ ದಾರಿ. ಕೋಡು ಚೆನ್ನಾಗಿ ಕಾಣಲಿ ಅಂತಷ್ಟೇ ಹಾಗೆ ಮಾಡಬೇಡಿ ಅಂತ ಟೇಲ್‌ವಿಂಡ್‌ನವರೇ ಹೇಳಿದ್ದಾರೆ.

2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿಯಲ್ಲಂತೂ ಈ ಅಳತೆಗಳು ಸಿಎಸ್‌ಎಸ್ ವೇರಿಯಬಲ್‌ಗಳು. ಪುಟದ ಭಾಷೆ ಕನ್ನಡವಾದರೆ ಈ ತಲೆಬರಹದ ಸಾಲಿನ ಎತ್ತರ 1ರ ಬದಲು 1.5 ಅಂತ ಒಂದು ಜಾಗದಲ್ಲಿ ಬರೆದರೆ, ಆ ಅಳತೆ ಬಳಸಿದ ಕಡೆಗೆಲ್ಲ ತಲುಪುತ್ತದೆ. ತಲುಪದೇ ಇರುವುದು ಅವಸರದಲ್ಲಿ ಚೌಕ ಕಂಸ ಹಾಕಿ 13 ಪಿಕ್ಸೆಲ್, 17 ಪಿಕ್ಸೆಲ್ ಅಂತ ತಮ್ಮದೇ ಅಳತೆ ತುರುಕಿದ ಕಡೆ. ದೊಡ್ಡ ಆ್ಯಪ್‌ನಲ್ಲಿ ಅಂಥ ಕಂಸಗಳನ್ನು ಕೋಡು ಪರಿಶೀಲಿಸುವಾಗಲೇ ತಡೆಯಬೇಕು. ಕೆಲಸ ನಿಧಾನವಾಗುತ್ತದೆ ಅಂತ ಗೊಣಗುವವರು ಗೊಣಗಲಿ.

ನಿಮ್ಮೂರಿನ ಹುಡುಗ ಹುಡುಗಿಯರು ಬೆಂಗಳೂರಲ್ಲಿ ಇದೇ ಕೆಲಸದಲ್ಲಿರಬಹುದು. ಹಬ್ಬಕ್ಕೆ ಬಂದಾಗ ಒತ್ತು ಕತ್ತರಿಸಿದ ಪುಟ ತೋರಿಸಿ, ಇಂಥದ್ದನ್ನು ನಿಮ್ಮ ಆ್ಯಪ್‌ನಲ್ಲಿ ಎಷ್ಟು ಕಡೆ ತಿದ್ದಬೇಕಾಗುತ್ತದೆ ಅಂತ ಕೇಳಿ. ಒಂದೇ ಕಡೆ ಅಂದರೆ ಇನ್ನೊಂದು ಹೋಳಿಗೆ ಬಡಿಸಿ.