ಹಿಮದ ಹಾದಿಗೆ ಸರಪಳಿಯೋ, ಚಳಿಗಾಲದ ಟೈರೋ?

2024ರ ಡಿಸೆಂಬರ್ 23ರಂದು ಹಿಮಾಚಲ ಪ್ರದೇಶದ ಸೋಲಂಗ್ ಹಾಗೂ ಅಟಲ್ ಸುರಂಗದ ನಡುವಣ ರಸ್ತೆಯಲ್ಲಿ ಸುಮಾರು ಸಾವಿರ ವಾಹನಗಳು ಹಿಮಪಾತಕ್ಕೆ ಸಿಲುಕಿ ನಿಂತುಬಿಟ್ಟವು. ನಾಲ್ಕು ದಿನ ಕಳೆದು, ಅದೇ ತಿಂಗಳ 27ರಂದು, ಸೋಲಂಗ್ ನಾಲಾದಲ್ಲಿ ಅದೇ ದೃಶ್ಯ ಮರುಕಳಿಸಿತು. ಆಗ ಸುಮಾರು ಐದು ಸಾವಿರ ಪ್ರವಾಸಿಗರನ್ನು ಪೊಲೀಸರು ಸುರಕ್ಷಿತ ಸ್ಥಳಗಳಿಗೆ ಕರೆತರಬೇಕಾಯಿತು. ಕ್ರಿಸ್‌ಮಸ್ ರಜೆಯ ವಾರವದು. ದೆಹಲಿಯ ನಮ್ಮ ಕನ್ನಡ ಕುಟುಂಬಗಳು ಮಾತ್ರವಲ್ಲ, ಬೆಂಗಳೂರು, ಮೈಸೂರುಗಳಿಂದ ನಮ್ಮ ಮನೆಗಳಿಗೆ ಬರುವ ನೆಂಟರೂ ಮಕ್ಕಳಿಗೆ ಹಿಮ ತೋರಿಸಬೇಕೆಂದು ಹಂಬಲಿಸುವ ಕಾಲವೂ ಅದೇ. ಆದುದರಿಂದ ಈ ವಿಷಯವನ್ನು ದೂರದ ಗುಡ್ಡಗಾಡಿನ ಸುದ್ದಿಯೆಂದು ನಾವು ಬದಿಗಿಡುವಂತಿಲ್ಲ.

ಹಿಂದೆ ಈ ಪ್ರಶ್ನೆಯೇ ಅಷ್ಟಾಗಿ ಏಳುತ್ತಿರಲಿಲ್ಲ. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗ ಚಳಿಗಾಲದ ತಿಂಗಳುಗಳಲ್ಲಿ ಮುಚ್ಚಿರುತ್ತಿತ್ತು. ಮನಾಲಿಯ ಆಚೆಗೆ ಹೋಗುವ ಮಾತೇ ಇರಲಿಲ್ಲ. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಆ ಸ್ಥಿತಿಯನ್ನು ಬದಲಿಸಿತು. ಲಾಹೌಲಿನ ಜನರ ಪಾಲಿಗೆ ಇದು ವರವೇ ಸರಿ. ಹೆರಿಗೆಗೂ ಹೆಲಿಕಾಪ್ಟರ್ ಕಾಯಬೇಕಿದ್ದ ಊರುಗಳವು. ಆದರೆ ಸುರಂಗದ ಎರಡೂ ಬಾಯಿಗಳು ಮೂರು ಸಾವಿರ ಮೀಟರಿಗೂ ಮೇಲಿವೆ. ಬಯಲುಸೀಮೆಯ ಚಾಲಕನೊಬ್ಬ ಬೆಳಗ್ಗೆ ಮನಾಲಿಯಲ್ಲಿ ತಿಂಡಿ ತಿಂದು, ಯಾವ ಸಿದ್ಧತೆಯೂ ಇಲ್ಲದೆ, ಒಂದೇ ತಾಸಿನಲ್ಲಿ ಹೆಪ್ಪುಗಟ್ಟಿದ ರಸ್ತೆಯ ಮೇಲಿರಬಹುದಾದ ಪರಿಸ್ಥಿತಿ ಒದಗಿದೆ. ಶಿಮ್ಲಾದಿಂದ ಕುಫ್ರಿ, ನಾರ್ಕಂಡಗಳ ಕಡೆಗೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಂತಹ ಪ್ರವಾಸ ಹೊರಡುವ ಮುನ್ನ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ: ಚಕ್ರಕ್ಕೆ ಸುತ್ತುವ ಸರಪಳಿ ಕೊಳ್ಳಬೇಕೋ, ಚಳಿಗಾಲದ ಟೈರನ್ನೇ ಹಾಕಿಸಬೇಕೋ? ಉತ್ತರಕ್ಕೆ ಮುನ್ನ ಒಂದು ಲೆಕ್ಕವನ್ನು ನೋಡುವುದು ಒಳಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಕಾರು ಒಣಗಿದ ಡಾಂಬರಿನ ಮೇಲೆ ಬ್ರೇಕು ಒತ್ತಿದಾಗ ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ ಸುಮಾರು 30 ಮೀಟರ್ ಬೇಕು. ನೀರು ಹೆಪ್ಪುಗಟ್ಟಿ ಗಾಜಿನಂತಾದ ರಸ್ತೆಯಲ್ಲಿ 60 ಮೀಟರನ್ನೂ ದಾಟುತ್ತದೆ. ಚಾಲಕ ಅಪಾಯವನ್ನು ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲಿ ಕ್ರಮಿಸುವ ದೂರ ಇದರಲ್ಲಿ ಸೇರಿಲ್ಲ. ರಸ್ತೆ ಇಳಿಜಾರಾಗಿದ್ದರಂತೂ ಲೆಕ್ಕ ಇನ್ನೂ ಕೆಡುತ್ತದೆ. ಆಗುಂಬೆಯ 14 ತಿರುವುಗಳನ್ನು ಮಳೆಗಾಲದಲ್ಲಿ ಇಳಿದವರು, ಚಾರ್ಮಾಡಿಯ ಮಂಜಿನಲ್ಲಿ ಬಸ್ಸಿನ ಹಿಂದೆ ತಾಳ್ಮೆಯಿಂದ ಸಾಗಿದವರು ನಮ್ಮಲ್ಲಿ ಅನೇಕರಿದ್ದಾರೆ. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬ ಅವರ ಅನುಭವ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಮಳೆನೀರಿನ ಮೇಲೆ ಟೈರಿಗೆ ಉಳಿಯುವ ಹಿಡಿತ ಮಂಜುಗಡ್ಡೆಯ ಮೇಲೆ ಉಳಿಯುವುದಿಲ್ಲ.

ಈಗ ಚಳಿಗಾಲದ ಟೈರಿನ ವಿಚಾರ. ನಮ್ಮ ಕಾರುಗಳ ಸಾಮಾನ್ಯ ಟೈರಿನ ರಬ್ಬರು ಬಿಸಿಲಿಗೆ ತಕ್ಕಂತೆ ತಯಾರಾದುದು. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದಂತೆ ಅದು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೃದುವಾಗಿಯೇ ಇರುತ್ತದೆ. ಅದರ ಮೈಮೇಲೆ ಅಲಗಿನಿಂದ ಸೀಳಿದಂತಹ ನೂರಾರು ಸಣ್ಣ ಗೆರೆಗಳಿದ್ದು, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಹಿಮದ ಮೇಲೆ ಪರೀಕ್ಷೆಗೊಳಪಟ್ಟ ಟೈರಿನ ಬದಿಯಲ್ಲಿ ಮೂರು ಶಿಖರಗಳ ನಡುವೆ ಹಿಮಹರಳಿನ ಚಿಹ್ನೆ ಇರುತ್ತದೆ. 'ಎಂ ಪ್ಲಸ್ ಎಸ್' ಎಂಬ ಅಕ್ಷರಗಳನ್ನು ಕಂಡು ಅದೇ ಚಳಿಗಾಲದ ಟೈರೆಂದು ಭಾವಿಸುವ ದೊಡ್ಡ ಗಾಡಿಗಳ ಮಾಲೀಕರಿದ್ದಾರೆ. ಆ ಅಕ್ಷರಗಳು ಗೆರೆಗಳ ವಿನ್ಯಾಸವನ್ನಷ್ಟೇ ಹೇಳುತ್ತವೆ, ಪರೀಕ್ಷೆಯ ಫಲಿತಾಂಶವನ್ನಲ್ಲ. ಜರ್ಮನಿ ದೇಶವು 2024ರ ಅಕ್ಟೋಬರಿನಿಂದ ಕೇವಲ ಆ ಅಕ್ಷರಗಳಿರುವ ಟೈರನ್ನು ಚಳಿಗಾಲದ ಟೈರೆಂದು ಮಾನ್ಯ ಮಾಡುವುದಿಲ್ಲ.

ಯೂರೋಪಿನಲ್ಲಿ ನೆಲೆಸಿರುವ ನಮ್ಮ ಮಕ್ಕಳು, 'ಚಳಿಗಾಲದ ಟೈರಿಲ್ಲದೆ ಹೊರಡಲೇಬೇಡಿ' ಎಂದು ದೂರವಾಣಿಯಲ್ಲಿ ಎಚ್ಚರಿಸುವುದುಂಟು. ಅವರಿರುವಲ್ಲಿ ಆ ಮಾತು ಸರಿ. ತಿಂಗಳುಗಟ್ಟಲೆ ಚಳಿ, ಪ್ರತಿದಿನವೂ ಅದೇ ರಸ್ತೆ. ನಮ್ಮ ಪ್ರಯಾಣ ಬೇರೆ ಬಗೆಯದು. ದೆಹಲಿಯಿಂದ ಮನಾಲಿಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಹಿಮ ಸಿಗುವುದು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಮಾತ್ರ. ನಾಲ್ಕೂ ಚಕ್ರಗಳಿಗೆ ಹೊಸ ಟೈರು ಹಾಕಿಸಬೇಕು. ಎರಡಕ್ಕೆ ಮಾತ್ರ ಹಾಕಿಸಿದರೆ ಕಾರಿನ ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಎಳೆಯುತ್ತದೆ. ಪ್ರವಾಸ ಮುಗಿದ ಮೇಲೆ ಬಿಚ್ಚಿಸಿ ಬಾಲ್ಕನಿಯಲ್ಲಿ ಪೇರಿಸಬೇಕು. ಬಿಚ್ಚಿಸದಿದ್ದರೆ ಏಪ್ರಿಲಿನ ಬಿಸಿಲಿಗೆ ಆ ಮೃದು ರಬ್ಬರು ಬೇಗ ಸವೆಯುತ್ತದೆ. ದೆಹಲಿಯ ಸಾಮಾನ್ಯ ಅಂಗಡಿಗಳಲ್ಲಿ ಅವು ಸುಲಭವಾಗಿ ದೊರೆಯುವುದೂ ಇಲ್ಲ. ಚಳಿಗಾಲದ ಟೈರಿಗೆ ಹೆಸರಾದ ಹಾಲೆಂಡಿನ ವ್ರೆಡೆಸ್ಟೈನ್ ಸಂಸ್ಥೆಯನ್ನು ನಮ್ಮ ದೇಶದ ಅಪೊಲೊ ಕಂಪನಿಯೇ 2009ರಲ್ಲಿ ಕೊಂಡುಕೊಂಡಿತೆಂಬುದು ಬೇರೆ ಮಾತು! ವರ್ಷಕ್ಕೊಂದು ವಾರಾಂತ್ಯದ ಪ್ರವಾಸಕ್ಕೆ ಈ ಟೈರು ಕೊಳ್ಳುವುದು ವ್ಯರ್ಥ ವೆಚ್ಚವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಉಳಿಯುವುದು ಸರಪಳಿ. ಅದರ ಗುಣವೂ ಮಿತಿಯೂ ಸ್ಪಷ್ಟ. ಲೋಹದ ಕೊಂಡಿಗಳು ಹಿಮದೊಳಗೆ ಇಳಿದು ಹಿಡಿಯುತ್ತವೆ. ಆಳವಾದ ಹಿಮದಲ್ಲಿ ಟೈರಿಗಿಂತಲೂ ಅವೇ ಮೇಲು. ಆದರೆ ಎಂಜಿನ್ ತಿರುಗಿಸುವ ಚಕ್ರಗಳಿಗೇ ಅವನ್ನು ಹಾಕಬೇಕು. ಸ್ವಿಫ್ಟ್, ಕ್ರೆಟಾ, ಇನ್ನೋವಾ ಹೈಕ್ರಾಸ್‌ಗಳಲ್ಲಿ ಅವು ಮುಂದಿನ ಚಕ್ರಗಳು. ಇನ್ನೋವಾ ಕ್ರಿಸ್ಟಾ ಮತ್ತು ಬೊಲೆರೋಗಳಲ್ಲಿ ಹಿಂದಿನವು. ಟೈರಿನ ಬದಿಯ ಮೇಲಿರುವ 185/65 ಆರ್ 15 ಎಂಬಂತಹ ಅಳತೆಗೆ ಸರಪಳಿ ಸರಿಹೊಂದಬೇಕು. ಕೆಲವು ಕಾರುಗಳಲ್ಲಿ ಚಕ್ರಕ್ಕೂ ಒಳಭಾಗಗಳಿಗೂ ನಡುವೆ ಸರಪಳಿಗೆ ಎಡೆಯೇ ಇರುವುದಿಲ್ಲವಾದ್ದರಿಂದ ಕಾರಿನೊಡನೆ ಬಂದ ಕೈಪಿಡಿಯನ್ನು ಮೊದಲು ತೆರೆದು ನೋಡುವುದು ಅಗತ್ಯ. ಹಾಕಿದ ಬಳಿಕ ಸ್ವಲ್ಪ ದೂರ ಸಾಗಿ ಮತ್ತೊಮ್ಮೆ ಬಿಗಿಗೊಳಿಸಬೇಕು. ವೇಗ 30ರ ಆಸುಪಾಸಿನಲ್ಲಿರಲಿ. ಹಿಮವಿಲ್ಲದ ಡಾಂಬರಿನ ಮೇಲೆ ಓಡಿಸಿದರೆ ಸರಪಳಿ ತುಂಡಾಗಿ ಚಕ್ರದ ಒಳಗಿನ ಬ್ರೇಕಿನ ಕೊಳವೆಗೆ ಬಡಿಯುವ ಭಯವಿದೆ. ಅಟಲ್ ಸುರಂಗದ ಒಳಗಿನ ರಸ್ತೆಯಲ್ಲಿ ಹಿಮವಿಲ್ಲ, ಅಲ್ಲಿ ನಿಲ್ಲುವಂತೆಯೂ ಇಲ್ಲ; ಅಂದರೆ ಈಚೆ ಬಿಚ್ಚಿ, ಆಚೆ ಮತ್ತೆ ಕಟ್ಟಬೇಕು. ಮರಗಟ್ಟಿದ ಬೆರಳುಗಳಲ್ಲಿ, ಕಾರಿನೊಳಗೆ ಮಕ್ಕಳು ಅಳುತ್ತಿರುವಾಗ, ಆ ಕೆಲಸವನ್ನು ಮೊದಲ ಬಾರಿ ಕಲಿಯಲಾಗುವುದಿಲ್ಲ. ದ್ವಾರಕೆಯಲ್ಲೋ ಮಯೂರ ವಿಹಾರದಲ್ಲೋ ಮನೆಯ ಮುಂದೆಯೇ ಎರಡು ಬಾರಿ ಹಾಕಿ ಬಿಚ್ಚಿ ನೋಡಿರಬೇಕು. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಪಟ್ಟಿಗಳು ಕೆಸರಿನಿಂದ ಕಾರು ಮೇಲೆತ್ತಲು ಸಾಕೇನೋ, ಘಟ್ಟ ಇಳಿಯಲು ಖಂಡಿತ ಸಾಲವು.

ನಮ್ಮ ಆಕ್ಷೇಪ ಇರುವುದು ಇನ್ನೊಂದು ಕಡೆ. ಹಿಮಪಾತವಾದಾಗ ಮನಾಲಿಯ ಆಚೆಗೆ 'ಫೋರ್ ಬೈ ಫೋರ್' ವಾಹನಗಳನ್ನೂ ಸರಪಳಿ ಹಾಕಿದ ವಾಹನಗಳನ್ನೂ ಮಾತ್ರ ಬಿಡುವುದು ಆಡಳಿತದ ರೂಢಿ. ಏನೂ ಇಲ್ಲದಿರುವುದಕ್ಕಿಂತ ಇದು ಲೇಸು. ಆದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ದೊರೆತರೆ ಆಗುವ ಉಪಯೋಗ ಹತ್ತುವಾಗಿನದು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಗಳಿಗೆ ಇದ್ದೇ ಇದೆ. ಸಾಮಾನ್ಯ ಟೈರಿನ ದೊಡ್ಡ ಗಾಡಿ ಇಳಿಜಾರಿನಲ್ಲಿ ಸಣ್ಣ ಕಾರಿನಷ್ಟೇ ಜಾರುತ್ತದೆ, ತೂಕದಿಂದಾಗಿ ತಗುಲುವ ಪೆಟ್ಟು ಮಾತ್ರ ಹೆಚ್ಚು. ಹತ್ತಬಲ್ಲ ವಾಹನವನ್ನು ಆರಿಸುವ ಈ ನಿಯಮ, ಇಳಿಯಬಲ್ಲ ವಾಹನವನ್ನು ಆರಿಸುತ್ತಿಲ್ಲ. ಜಪಾನ್ 2018ರಲ್ಲಿ ಕೆಲವು ಆಯ್ದ ಘಟ್ಟದ ರಸ್ತೆಗಳಿಗೆ ಬೇರೆಯೇ ಕ್ರಮ ತಂದಿತು: ಭಾರೀ ಹಿಮಪಾತದ ಎಚ್ಚರಿಕೆಯಿದ್ದಾಗ ಚಳಿಗಾಲದ ಟೈರಿದ್ದರೂ ಸರಪಳಿ ಕಡ್ಡಾಯ. ಫ್ರಾನ್ಸಿನ ಪರ್ವತ ಪ್ರದೇಶಗಳಲ್ಲಿ 2021ರಿಂದ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಎರಡರಲ್ಲೊಂದು ಇರಲೇಬೇಕು. ನಮ್ಮಲ್ಲಿಯೂ ತಪಾಸಣೆಯ ಕಟ್ಟೆಯಲ್ಲಿ ಫೋರ್ ಬೈ ಫೋರ್ ವಾಹನಗಳಿಗೂ ಸರಪಳಿ ಕೇಳಬೇಕು. ಅದು ಸರಿಯಾದ ಚಕ್ರಕ್ಕೆ ಕೂರುತ್ತದೆಯೇ ಎಂದು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಮೇಲೆ ಹೋಗುವ ವಾಹನಗಳ ಸಂಖ್ಯೆಗೇ ಮಿತಿ ಹಾಕಬೇಕು. ಸಾವಿರ ಕಾರು ಒಂದೇ ಓಣಿಯಲ್ಲಿ ನಿಂತಾಗ ಸರಪಳಿ ಹಾಕಿದವನೂ ಹಾಕದವನ ಹಿಂದೆ ನಿಲ್ಲಲೇಬೇಕಷ್ಟೆ.

ಹಾಗೆ ನಿಂತಾಗ ಏನಾಗಬಹುದೆಂಬುದನ್ನು ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮ 2022ರ ಜನವರಿಯಲ್ಲಿ ಕಂಡಿತು. ಹಿಮ ನೋಡಲು ಬಂದವರ ಕಾರುಗಳು ರಾತ್ರಿಯೆಲ್ಲ ಸಿಲುಕಿ, ಕನಿಷ್ಠ 22 ಜನ ತಮ್ಮ ವಾಹನಗಳಲ್ಲೇ ಪ್ರಾಣ ಬಿಟ್ಟರು, ಮಕ್ಕಳೂ ಇದ್ದರು. ಎಲ್ಲರೂ ಚಳಿಗೆ ಬಲಿಯಾದವರಲ್ಲ. ಬೆಚ್ಚಗಿರಲೆಂದು ಎಂಜಿನ್ ಚಾಲೂ ಇಟ್ಟಾಗ ಹೊಗೆಕೊಳವೆ ಹಿಮದಲ್ಲಿ ಹೂತಿದ್ದರೆ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ಆದ್ದರಿಂದ ಡಿಕ್ಕಿಯಲ್ಲಿ ಸರಪಳಿಯ ಪಕ್ಕ ಒಂದು ಸಣ್ಣ ಸಲಿಕೆ, ಕಂಬಳಿ, ನೀರು, ಒಣ ತಿಂಡಿ ಇರಲಿ. ಸಿಲುಕಿದಾಗ ಕೊಳವೆಯ ಸುತ್ತಲಿನ ಹಿಮವನ್ನು ತೆಗೆಯುತ್ತ, ಕಿಟಕಿಯನ್ನು ಬೆರಳಗಲ ತೆರೆದಿಟ್ಟು, ಎಂಜಿನನ್ನು ಆಗಾಗ ಮಾತ್ರ ಚಾಲೂ ಮಾಡಬೇಕು.

ವೃದ್ಧ ತಂದೆತಾಯಿಯರೊಡನೆ, ಎಳೆಯ ಮಕ್ಕಳೊಡನೆ ಹೋಗುವ ಕುಟುಂಬಗಳಿಗೆ ನಮ್ಮ ಸಲಹೆ ಇನ್ನೂ ಸರಳವಾದುದು. ಸ್ವಂತ ಕಾರು ಮನಾಲಿಯಲ್ಲೇ ನಿಲ್ಲಲಿ. ಮುಂದಕ್ಕೆ ಸ್ಥಳೀಯ ಚಾಲಕನ ಗಾಡಿಯಲ್ಲಿ ಹೋಗಬಹುದು. ಯಾವ ತಿರುವಿನಲ್ಲಿ ಬಿಸಿಲು ಬೀಳದೆ ರಸ್ತೆ ಗಾಜಾಗಿರುತ್ತದೆಂದು ಆತನಿಗೆ ಗೊತ್ತು. ಒಂದು ದಿನದ ಬಾಡಿಗೆ ದುಬಾರಿಯೆನಿಸಿದರೂ ಜಜ್ಜಿದ ಬಾಗಿಲೊಂದರ ದುರಸ್ತಿಯ ಮುಂದೆ ಅದು ಹೆಚ್ಚೇನಲ್ಲ.

ಇನ್ನು ಸಮಯದ ಮಾತು. ಸೋಮವಾರ ಬೆಳಗ್ಗೆ ಕಚೇರಿಗೆ ಹಾಜರಾಗಬೇಕೆಂಬ ಆತುರದಲ್ಲಿ ಭಾನುವಾರ ಸಂಜೆ ಕತ್ತಲಾದ ಮೇಲೆ ಘಟ್ಟ ಇಳಿಯಲು ಹೊರಡುವವರೇ ಬಹಳ. ಹಗಲಿನಲ್ಲಿ ಕರಗಿ ರಸ್ತೆಯ ಮೇಲೆ ಹರಿದ ನೀರು ಸೂರ್ಯ ಮುಳುಗುತ್ತಿದ್ದಂತೆ ಹೆಪ್ಪುಗಟ್ಟುತ್ತದೆ; ಡಾಂಬರಿನ ಬಣ್ಣವೇ ಅದರ ಬಣ್ಣವಾದ್ದರಿಂದ ದೀಪದ ಬೆಳಕಿಗೆ ಕಾಣುವುದೂ ಇಲ್ಲ. ಮಧ್ಯಾಹ್ನ ಮೂರರೊಳಗೆ ಹಿಮದ ಪ್ರದೇಶದಿಂದ ಕೆಳಗಿಳಿದಿರಬೇಕು. ಅದು ಆಗದಿದ್ದಲ್ಲಿ ಅಂದು ಮೇಲೆಯೇ ತಂಗಿ, ಮರುದಿನ ಬಿಸಿಲೇರಿದ ಬಳಿಕ ಹೊರಟು, ಸೋಮವಾರಕ್ಕೊಂದು ರಜಾ ಅರ್ಜಿಯನ್ನು ಕಳುಹಿಸುವುದು.